ಬೈಯದ ವ್ರತ

ನನ್ನ ಅತ್ತೆ ಬೈಯುವುದನ್ನು ನಿಲ್ಲಿಸಿದ ದಿನ ಮೊದಲು ಗಾಬರಿಯಾದದ್ದು ಕೋಳಿಗಳಿಗೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಅವುಗಳ ಅಪ್ಪ ಅಮ್ಮನನ್ನೆಲ್ಲ ಎತ್ತಿ ಎರಡು ಮಾತು ಆಡುವುದು ಅತ್ತೆಯ ಕ್ರಮ. ಆ ದಿನ ಬಾಗಿಲು ತೆಗೆದು ಸುಮ್ಮನೆ ಬದಿಗೆ ಸರಿದು ನಿಂತರು. ಕೋಳಿಗಳು ಹೊರಗೆ ಬರಲಿಲ್ಲ. ಇದು ನಮ್ಮ ಮನೆಯೇ ಹೌದೋ ಅಲ್ಲವೋ ಎಂಬ ಹಾಗೆ ಕತ್ತು ಓರೆ ಮಾಡಿ ನೋಡುತ್ತಾ ನಿಂತವು.

ನಮ್ಮದು ಗಡಿನಾಡಿನಲ್ಲಿ, ಕೆರೆಯ ನಡುವೆ ಗುಡಿಯಿರುವ ಅನಂತಪುರದ ಹತ್ತಿರದ ಮನೆ. ಮಾತಾಡುವುದು ತುಳು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಬರೆಯುವುದು ಕನ್ನಡ. ಮನೆಯಲ್ಲಿ ಅತ್ತೆ, ನಾನು, ನನ್ನ ಗಂಡ, ಗಂಡನ ತಮ್ಮ. ಗಂಡ ಹಿಂದೆ ಗಲ್ಫಿನಲ್ಲಿದ್ದವರು, ಈಗ ಇಲ್ಲೇ ಹತ್ತಿರದ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಹೋಗುತ್ತಾರೆ. ಮೈದುನ ಬಂದ್ಯೋಡಿನ ಟೈಲರ್ ಅಂಗಡಿಯಲ್ಲಿ ಕಟ್ಟಿಂಗ್ ಮಾಸ್ಟರ್. ಶಾಲೆ ಮಕ್ಕಳ ಯೂನಿಫಾರ್ಮ್ ಕತ್ತರಿಸುವುದರಲ್ಲಿ ಅವನನ್ನು ಸರಿಗಟ್ಟುವವರು ಆ ಕಡೆಯಲ್ಲಿ ಇಲ್ಲ ಎಂದು ಅಂಗಡಿಯ ಯಜಮಾನ ಬ್ಯಾರಿಯೇ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಅವನಿಗೆ ಸಂಶಯದ ಕಾಯಿಲೆ ಶುರುವಾಯಿತು. ಮೊದಲು ಅಂಗಡಿಯವರು ತನ್ನ ಬಗ್ಗೆ ಮಲಯಾಳದಲ್ಲಿ ಸಂಚು ಮಾಡುತ್ತಾರೆ ಎಂದ. ಆಮೇಲೆ ಬಸ್ಸಿನವರು ಕನ್ನಡದಲ್ಲಿ. ಕೊನೆಗೆ ನಾವು ಮನೆಯವರು ತುಳುವಿನಲ್ಲಿ. ಯಾರೂ ಇಲ್ಲದಾಗಲೂ ಅವನ ಕಿವಿಯಲ್ಲಿ ಮಾತು ಕೇಳುತ್ತಿತ್ತು. ನಾವು ಜೋಯಿಸರಲ್ಲಿ ಕೇಳಿದೆವು, ನೂಲು ಕಟ್ಟಿಸಿದೆವು, ದೈವಕ್ಕೆ ಹೇಳಿಕೊಂಡೆವು. ಆಮೇಲೆ ಡಾಕ್ಟರಲ್ಲಿಗೂ ಹೋದೆವು. ನೂಲು ಕೈಯಲ್ಲಿ, ಮಾತ್ರೆ ಹೊಟ್ಟೆಯಲ್ಲಿ. ದೇವರಿಗೂ ಡಾಕ್ಟರಿಗೂ ಇದರಲ್ಲಿ ಏನೂ ಜಗಳವಿರಲಿಲ್ಲ. ಜಗಳವಿದ್ದದ್ದು ನಮ್ಮ ನೆಂಟರಿಗೆ ಮಾತ್ರ.

ಮಾತ್ರೆಯಿಂದ ಅವನು ಗುಣವಾದ. ಆದರೆ ಬೆಳಿಗ್ಗೆ ಹತ್ತು ಗಂಟೆಯಾದರೂ ಎದ್ದೇಳುತ್ತಿರಲಿಲ್ಲ. ಅತ್ತೆ ಕೋಳಿಗಳನ್ನು ಮುಗಿಸಿ ನೇರ ಅವನ ಕೋಣೆಯ ಬಾಗಿಲಿಗೆ ಬರುತ್ತಿದ್ದರು. “ಸೋಮಾರಿ! ಗುಳಿಗೆ ತಿಂದು ತಿಂದು ಎಮ್ಮೆಯ ಹಾಗೆ ಬಿದ್ಕೊಂಡಿದ್ದಾನೆ. ಊರಿನವರೆಲ್ಲ ದುಡಿದು ಬರುವ ಹೊತ್ತಾಯ್ತು!” ಇದು ದಿನವೂ. ಅತ್ತೆಯ ಬೈಗುಳಕ್ಕೆ ವಿಷವಿಲ್ಲ, ಬೈದ ಬಾಯಿಯಿಂದಲೇ “ದೋಸೆ ಬಿಸಿ ಉಂಟು, ಏಳು” ಎನ್ನುವವರು. ಆದರೆ ಅವನು ಸೋಮಾರಿ ಅನ್ನಿಸಿಕೊಳ್ಳಬಾರದೆಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಬೇಗ ಎದ್ದ ಕೂಡಲೇ ನಾವೆಲ್ಲ ಸಂತೋಷಪಟ್ಟೆವು. ಸ್ವಲ್ಪ ದಿನದಲ್ಲಿ ಮತ್ತೆ ಆಸ್ಪತ್ರೆ.

ಎರಡನೆಯ ಸಲ ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ ಅಂಗಡಿಯ ಯಜಮಾನರು ನೋಡಲು ಬಂದರು. ಒಳ್ಳೆಯ ಮನುಷ್ಯ, ಬರುವಾಗ ಬಾಳೆಹಣ್ಣಿನ ಗೊನೆಯೇ ತಂದಿದ್ದರು. ಹೊರಡುವಾಗ ಅಂಗಳದಲ್ಲಿ ನನ್ನೊಡನೆ ಹೇಳಿದರು: “ಅಕ್ಕಾ, ಮಾಸ್ಟ್ರು ಮೆಲ್ಲ ಅರ್ಧ ದಿನ ಬರ್ಲಿ. ಶಾಲೆ ತೆರೆಯುವ ಮುಂಚೆ ಇಡೀ ದಿನ ಕೂತರೆ ಸಾಕು. ಆದ್ರೆ ಇನ್ನೊಮ್ಮೆ ಹೀಗಾದ್ರೆ ನನ್ನಿಂದ ಆಗ್ಲಿಕ್ಕಿಲ್ಲ. ಯೂನಿಫಾರ್ಮಿನ ಸೀಸನ್ ನನಗೆ ಕಾಯುದಿಲ್ಲ. ಬೇಜಾರು ಮಾಡ್ಬೇಡಿ.” ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ಹೆಚ್ಚು ಭಯವಾದದ್ದು.

ಡಾಕ್ಟರು ಹೇಳಿದರು, ಮದ್ದು ನಾನು ಕೊಡುತ್ತೇನೆ, ಮನೆಯವರು ಕ್ಲಾಸಿಗೆ ಹೋಗಿ. ಕಾಯಿಲೆ ಅವನಿಗೆ, ಕ್ಲಾಸು ನಮಗೆ ಯಾಕೆ ಎಂದು ಅತ್ತೆ ದಾರಿಯುದ್ದಕ್ಕೂ ಕೇಳಿದರು. ಆದರೂ ಶನಿವಾರ ಬೆಳಿಗ್ಗೆ ಒಳ್ಳೆಯ ಸೀರೆಯನ್ನೇ ಉಟ್ಟರು. ಕ್ಲಾಸೆಂದರೆ ಕ್ಲಾಸಲ್ಲವೇ? ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಕ್ಲಾಸು ಬದಿಯಡ್ಕದಲ್ಲಿ, ಒಂದು ಸಭಾಭವನದ ಮಹಡಿಯಲ್ಲಿ. ಇಂಥ ಕಾಯಿಲೆಯವರು ಮನೆಯಲ್ಲಿರುವ ಏಳೆಂಟು ಮಂದಿ ಬಂದಿದ್ದರು. ಎಲ್ಲರೂ ಬೇರೆ ಯಾರದೋ ಮದುವೆಗೆ ತಪ್ಪಿ ಬಂದವರ ಹಾಗೆ ಗೋಡೆ ನೋಡುತ್ತಾ ಕೂತಿದ್ದರು. ಹೇಳಿಕೊಡುವ ಟೀಚರ್ ತೆಂಕಣ ಜಿಲ್ಲೆಯ ಹುಡುಗಿ, ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತವಳು. ಕೊಟ್ಟ ಪುಸ್ತಿಕೆ ಮಾತ್ರ ಮಲಯಾಳದಲ್ಲಿತ್ತು. ನನಗೆ ಅದು ಬಾರದು ಎಂದೆ. ಅತ್ತೆ ತಮ್ಮದನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. “ನನಗೆ ಯಾವುದಾದ್ರೂ ಆಗ್ತದೆ” ಎಂದರು.

ಟೀಚರ್ ಚೆನ್ನಾಗಿ ಹೇಳಿಕೊಟ್ಟಳು. ಇದು ಸಕ್ಕರೆ ಕಾಯಿಲೆಯ ಹಾಗೆಯೇ ಒಂದು ಕಾಯಿಲೆ, ಯಾರ ತಪ್ಪೂ ಅಲ್ಲ. ಮಾತ್ರೆಯಿಂದ ನಿದ್ದೆ ಬರುತ್ತದೆ, ಅದು ಸೋಮಾರಿತನವಲ್ಲ. ಅವರ ಸಂಶಯವನ್ನು ಹೌದು ಎನ್ನಬೇಡಿ, ವಾದ ಮಾಡಿ ಅಲ್ಲ ಎಂದು ಸಾಧಿಸಲೂ ಹೋಗಬೇಡಿ. ಬೈದು ಬೈದು ಕುಗ್ಗಿಸಿದರೆ ಕಾಯಿಲೆ ಬೇಗ ಹೆಡೆಯೆತ್ತುತ್ತದೆ. ಅವರು ಮಾಡಿದ ಸಣ್ಣ ಕೆಲಸವನ್ನೂ ಒಳ್ಳೆಯದಾಯಿತು ಎಂದು ಹೇಳಿ.

ಎದುರಿನ ಸಾಲಿನಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದರು. ಕಾಯಿಲೆ ಅವರ ಹೆಂಡತಿಗೆ. ಅವರು ಎದ್ದು ನಿಂತರು. “ಟೀಚರೇ, ನಮ್ಮ ಮನೆಯಲ್ಲಿ ಬೈಯುದು ನಾನಲ್ಲ, ಅವಳು. ಬೈಸಿಕೊಳ್ಳುವವರಿಗೆ ಬೇರೆ ಕ್ಲಾಸು ಉಂಟಾ?” ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರೆಲ್ಲ ಅವರ ಕಡೆ ತಿರುಗಿ ನಕ್ಕರು. ಇಷ್ಟು ಜನ ಒಟ್ಟಿಗೆ ಕೂತು ಈ ವಿಷಯದಲ್ಲಿ ನಗಬಹುದೆಂದು ನನಗೆ ಗೊತ್ತಿರಲಿಲ್ಲ. ಅದೊಂದು ಪುಣ್ಯ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಅತ್ತೆ ನಗಲಿಲ್ಲ. “ಬೈಯದೆ ಮಕ್ಕಳನ್ನು ಸಾಕುದು ಹೇಗೆ ಟೀಚರೇ? ಉಪ್ಪಿಲ್ಲದೆ ಗಂಜಿ ಉಣ್ಣುದಾ?”

“ಪೂರ್ತಿ ಬಿಡಬೇಕಂತ ಇಲ್ಲ ಅಮ್ಮಾ. ಸ್ವಲ್ಪ ಕಡಿಮೆ ಮಾಡಿ.”

ಈ “ಸ್ವಲ್ಪ ಕಡಿಮೆ” ಎಂಬುದೇ ಅತ್ತೆಯ ತಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತು ಅರ್ಧ ದಾರಿ ಯೋಚನೆ ಮಾಡಿದರು. ಆಮೇಲೆ, “ಅರ್ಧ ಏಕಾದಶಿ ಅಂತ ಉಂಟಾ ಮಗಾ? ಹಿಡಿದರೆ ಪೂರ್ತಿ ಹಿಡೀಬೇಕು” ಎಂದರು. ನಾನೂ ಹಾಗೆಯೇ ಬೆಳೆದವಳು. ನಮ್ಮಲ್ಲಿ ಯಾವ ಕೆಲಸವೂ ದೇವರೆದುರು ಹೇಳಿಕೊಳ್ಳದೆ ಗಟ್ಟಿಯಾಗುವುದಿಲ್ಲ. ಸಿಗರೇಟು ಬಿಡುವವನೂ ಹರಕೆ ಹೊತ್ತೇ ಬಿಡುವುದು. ನಾಳೆಯೇ ಅನಂತಪುರಕ್ಕೆ ಹೋಗುವ ಎಂದೆ.

ಮರುದಿನ ಆ ಕೆರೆಯ ನಡುವಿನ ಗುಡಿಯಲ್ಲಿ ನಿಂತು ಅತ್ತೆ ಹೇಳಿಕೊಂಡದ್ದು ಹೀಗೆ: ಶಾಲೆ ತೆರೆಯುವವರೆಗೆ ಮನೆಯಲ್ಲಿ ಯಾರೂ ಅವನಿಗೆ ಒಂದು ಮಾತೂ ಬೈಯುವುದಿಲ್ಲ. ಯಾರ ಬಾಯಿಯಿಂದ ಬಂದರೂ ಆ ದಿನ ಮೂವರೂ ಮೀನು ಮುಟ್ಟುವುದಿಲ್ಲ. ಮತ್ತೆ, ಈ ವಿಷಯ ಅವನಿಗೆ ಹೇಳುವುದಿಲ್ಲ. ಹರಕೆಯನ್ನು ಹೇಳಿಕೊಂಡು ತಿರುಗಿದರೆ ಫಲವಿಲ್ಲವೆಂದು ಅತ್ತೆಯ ನಂಬಿಕೆ. ಸಂಜೆ ಇವರಿಗೆ, ಅಂದರೆ ನನ್ನ ಗಂಡನಿಗೆ ತಿಳಿಸಿದಾಗ ಇವರ ಮುಖ ಇಳಿಯಿತು. “ನನ್ನನ್ನು ಕೇಳದೆ ನನ್ನ ಮೀನನ್ನು ಹರಕೆಗೆ ಹಾಕಿದ್ದಾ?” ಎಂದರು. ಹಾಕಿಯಾಗಿತ್ತು.

ಹೀಗೆ ವ್ರತ ಶುರುವಾಯಿತು, ಕೋಳಿಗಳಿಂದ. ಅವುಗಳಿಗೆ ಬೈಯಬಾರದೆಂದು ಹೇಳಿಕೊಂಡಿರಲಿಲ್ಲ, ಆದರೆ ಬಾಯಿ ಒಮ್ಮೆ ತೆರೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅತ್ತೆಗೇ ಧೈರ್ಯವಿರಲಿಲ್ಲ. ಮೊದಲ ವಾರ ದಿನಾ ಯಾರಾದರೊಬ್ಬರ ಬಾಯಿ ತಪ್ಪಿ ನಾವು ಸರಿಯಾಗಿ ಮೀನು ತಿನ್ನಲಿಲ್ಲ. ಸ್ಕೂಟರಿನ ಮೀನಿನವನು ಗೇಟಿನ ಹತ್ತಿರ ಹಾರ್ನ್ ಹಾಕಿ, “ಎಂತ ಅಮ್ಮಾ, ಶಬರಿಮಲೆಗೆ ಮಾಲೆ ಹಾಕಿದ್ದಾ?” ಎಂದು ಕೇಳಿ ಹೋಗುತ್ತಿದ್ದ.

ಹೀಗಾದರೆ ಆಗದು ಎಂದು ಇವರು ಒಂದು ಉಪಾಯ ಮಾಡಿದರು. ಯಾರಾದರೂ ಬೈಯಲು ಹೊರಟರೆ ಉಳಿದವರು ಕೆಮ್ಮಬೇಕು. ಅತ್ತೆ ಮೈದುನನ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟರೆ ನಾನು ಅಡುಗೆಮನೆಯಿಂದ ಕೆಮ್ಮುವುದು, ಜಗಲಿಯಿಂದ ಇವರು ಕೆಮ್ಮುವುದು, ಅತ್ತೆ ಅಲ್ಲಿಂದಲೇ ಹಿಂದೆ ತಿರುಗಿ ತಾವೂ ಕೆಮ್ಮುವುದು. ಅವನು ಊಟಕ್ಕೆ ಕೂತು ಲೋಟ ಉರುಳಿಸಿದರೆ ಮೂವರೂ ಒಟ್ಟಿಗೆ. ಒಂದು ದಿನ ಸಂಜೆ ನೋಡುವಾಗ ಮೈದುನ ಒಲೆಯ ಮುಂದೆ ನಿಂತು ಶುಂಠಿ ಕರಿಮೆಣಸು ಜಜ್ಜುತ್ತಿದ್ದ. “ಎಲ್ಲರಿಗೂ ಕೆಮ್ಮು ಹಿಡಿದಿದೆಯಲ್ಲ ಅತ್ತಿಗೆ, ಕಷಾಯ ಮಾಡ್ತಾ ಇದ್ದೇನೆ.” ನಮ್ಮ ಮೂವರ ಗಂಟಲೂ ಉರಿಯುವಷ್ಟು ಖಾರ ಹಾಕಿದ್ದ. ಕಾಯಿಲೆಯ ಮನುಷ್ಯ ನಮ್ಮನ್ನು ನೋಡಿಕೊಳ್ಳುತ್ತಾನಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಕಷಾಯದ್ದು.

ಇನ್ನು ಹೊಗಳುವ ಕೆಲಸ. ನನ್ನ ಗಂಡ ಮದುವೆಯಾದಂದಿನಿಂದ ನನ್ನ ಒಂದು ಪದಾರ್ಥವನ್ನೂ ಹೊಗಳಿದವರಲ್ಲ. ತಟ್ಟೆ ಖಾಲಿಯಾದರೆ ಅದೇ ಹೊಗಳಿಕೆ ಎಂದು ನಾನು ತಿಳಿದುಕೊಂಡಿದ್ದೆ. ಅಂಥವರು ಈಗ ತಮ್ಮನನ್ನು ಹೊಗಳಬೇಕು. ಫ್ಯಾಕ್ಟರಿಯಿಂದ ಬಂದು, ಕೈಕಾಲು ತೊಳೆದು, ಗಂಭೀರವಾಗಿ ಅವನ ಎದುರು ನಿಲ್ಲುವರು.

“ನೀನು ಚಪ್ಪಲಿ ಬಿಟ್ಟದ್ದು ಭಾರಿ ಲಾಯ್ಕಾಯ್ತು.”

ಅವನು ಚಪ್ಪಲಿಯನ್ನು ನೋಡಿದ. ಅಣ್ಣನನ್ನು ನೋಡಿದ. “ಎಂತ ಲಾಯ್ಕ ಅದರಲ್ಲಿ?”

“ಅಲ್ಲ, ಎರಡೂ ಒಂದೇ ಕಡೆ ಉಂಟಲ್ಲ.”

ಮತ್ತೊಂದು ದಿನ, “ನೀರು ಕುಡಿದೆಯಾ? ಲಾಯ್ಕ, ಲಾಯ್ಕ” ಎಂದರು. ಅವನು ಲೋಟವನ್ನು ಬೆಳಕಿಗೆ ಹಿಡಿದು ಒಳಗೇನಿತ್ತೆಂದು ನೋಡಿದ. ಆಗಲಾದರೂ ನಮಗೆ ತಿಳಿಯಬೇಕಿತ್ತು.

ಅತ್ತೆ ಮಾತ್ರ ಬೇರೆ ದಾರಿ ಕಂಡುಕೊಂಡಿದ್ದರು. ಬಾಯಿ ಕಟ್ಟಿ ಕಟ್ಟಿ ಅವರಿಗೆ ಊಟವೇ ಸೇರುತ್ತಿರಲಿಲ್ಲ. ನಮ್ಮಲ್ಲಿ ಒಂದು ಬೂದು ಬೆಕ್ಕು ಇತ್ತು. ಅದು ಜಗಲಿಯಲ್ಲಿ ಮಲಗಿದ್ದಾಗ ಅತ್ತೆ ಅದರ ಎದುರು ಕೂತು ಶುರು ಮಾಡುತ್ತಿದ್ದರು. “ಎದ್ದದ್ದು ಎಷ್ಟು ಗಂಟೆಗೆ? ನಿನ್ನ ಪ್ರಾಯದವರೆಲ್ಲ ಮನೆ ಕಟ್ಟಿಸಿದರು. ಆ ಲುಂಗಿ ಅಲ್ಲೇ ಬಿದ್ದಿದೆಯಲ್ಲ, ಅದನ್ನು ಮಡಚಿಡ್ಲಿಕ್ಕೆ ಕೈಗೆ ಎಂತ ಆಗಿದೆ?” ಬೆಕ್ಕು ಒಂದು ಕಣ್ಣು ತೆರೆದು ಮುಚ್ಚುತ್ತಿತ್ತು. ಕೋಣೆಯ ಬಾಗಿಲ ಸಂದಿಯಲ್ಲಿ ಮೈದುನ ನಿಂತಿದ್ದನ್ನು ನಾನು ಒಂದೆರಡು ಸಲ ಕಂಡೆ. ಅತ್ತೆಗೆ ತಿಳಿಯಲೆಂದು ಕೆಮ್ಮಿದೆ ಕೂಡ.

ಇಷ್ಟೆಲ್ಲ ಆಗುವಾಗ ಅವನು ಬಂದ್ಯೋಡಿಗೆ ಅರ್ಧ ದಿನ ಹೋಗಿ ಬರುತ್ತಿದ್ದ. ಮೇ ತಿಂಗಳು ಹತ್ತಿರವಾಗಿತ್ತು. ನಾವು ಪ್ರತಿ ಶನಿವಾರ ಕ್ಲಾಸಿಗೆ ಹೋಗುವಾಗ, ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಎಂದು ಅವನಿಗೆ ಹೇಳುತ್ತಿದ್ದೆವು. ಹೇಳಿದ ಮಾತು ಸುಳ್ಳಾಗಬಾರದೆಂದು ಅತ್ತೆ ಮೊದಲು ಅನಂತಪುರಕ್ಕೆ ಹೋಗಿ, ಪ್ರಸಾದ ತೆಗೆದುಕೊಂಡು, ಆಮೇಲೆಯೇ ಬದಿಯಡ್ಕದ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನ ಕಳೆದು ಮನೆಗೆ ಬಂದು ಅವನ ಕೈಗೆ ಪ್ರಸಾದ ಕೊಡುವಾಗ ನಮಗೆ ಸ್ವಲ್ಪವೂ ಅಳುಕಿರಲಿಲ್ಲ.

ಒಂದು ಸೋಮವಾರ ಅವನು ಅಂಗಡಿಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಅಂಗಿ ಹಾಕಿ, ತಲೆ ಬಾಚಿ, ಮಂಚದ ಅಂಚಿನಲ್ಲಿ ಕೂತಿದ್ದವನು ಹಾಗೆಯೇ ಉಳಿದ. ಅತ್ತೆ ದೇವರ ಕೋಣೆಯ ಬಾಗಿಲಿಗೆ ಒರಗಿ ಕೂತರು. “ಈಗೀಗ ನಾವು ಒಂದು ಮಾತೂ ಆಡಿದ್ದಿಲ್ಲವಲ್ಲ ಮಗಾ. ಇನ್ನು ಎಂತ ಕಡಿಮೆ ಮಾಡುದು?” ನನಗೂ ಚಿಂತೆಯಿಂದ ಮಂಡೆಬೆಚ್ಚ. ಇನ್ನೊಮ್ಮೆ ಹೀಗಾದರೆ ಆಗ್ಲಿಕ್ಕಿಲ್ಲ ಎಂದು ಅಂಗಡಿಯವರು ಹೇಳಿದ್ದು ಕಿವಿಯಲ್ಲೇ ಇತ್ತು.

ಬುಧವಾರ ಬೆಳಿಗ್ಗೆ ನಾನು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕೂತು ಬೂತಾಯಿ ಮೀನು ತಿಕ್ಕುತ್ತಿದ್ದೆ. ಹಿಂದಿನ ದಿನ ಯಾರೂ ಬೈದಿರಲಿಲ್ಲ, ಆ ಧೈರ್ಯದಲ್ಲಿ ಇವರೇ ತೆಗೆದುಕೊಟ್ಟು ಹೋಗಿದ್ದರು. ಬೆಕ್ಕು ಕಾಲ ಬಳಿ ಕೂತಿತ್ತು. ಮೈದುನ ಬಂದು ಬೆಕ್ಕಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ.

“ಅತ್ತಿಗೆ, ನಾನು ಒಂದು ಕೇಳ್ತೇನೆ. ಸತ್ಯ ಹೇಳ್ಬೇಕು.”

“ಕೇಳು ಮಾರಾಯ.”

ಅವನು ಬಟ್ಟೆಯ ಅಳತೆ ಹೇಳುವ ಸ್ವರದಲ್ಲಿ ನಿಧಾನವಾಗಿ ಹೇಳತೊಡಗಿದ. “ನಾನು ಕೋಣೆಯಿಂದ ಹೊರಗೆ ಬಂದ ಕೂಡಲೇ ನೀವು ಮೂವರೂ ಕೆಮ್ತೀರಿ. ನಾನು ಅಂಗಡಿಗೆ ಹೋದ ಮೇಲೆ ಕೆಮ್ಮು ಇಲ್ಲ ಅಂತ ಪಕ್ಕದ ಮನೆಯವರು ಹೇಳ್ತಾರೆ. ಅಣ್ಣ ನಾನು ನೀರು ಕುಡಿದದ್ದಕ್ಕೆ ಲಾಯ್ಕ ಅಂತಾನೆ. ಅಣ್ಣ! ಅಮ್ಮ ಬೆಕ್ಕಿಗೆ ಲುಂಗಿ ಮಡಚು ಅಂತಾರೆ. ಬೆಕ್ಕಿಗೆ ಲುಂಗಿ ಎಲ್ಲಿ ಉಂಟು? ಶನಿವಾರ ದೇವಸ್ಥಾನಕ್ಕೆ ಅಂತ ಹೋಗ್ತೀರಿ. ದೇವಸ್ಥಾನ ಇಲ್ಲೇ ಉಂಟು, ಬರುವಾಗ ಊಟದ ಹೊತ್ತು ಕಳೆದಿರ್ತದೆ. ನಿಮ್ಮ ಪರ್ಸಿನಿಂದ ಬಿದ್ದ ಬಸ್ಸಿನ ಟಿಕೇಟಿನಲ್ಲಿ ಬದಿಯಡ್ಕ ಅಂತ ಉಂಟು.”

ನಾನು ಮೀನು ಬಿಟ್ಟು ಅವನ ಮುಖ ನೋಡಿದೆ.

“ಮೊದಲು ಹೀಗೆ ಅನಿಸಿದಾಗ ನಾನು ಜಗಳಕ್ಕೆ ಬರ್ತಿದ್ದೆ. ಈಗ ಬರುದಿಲ್ಲ. ಡಾಕ್ಟ್ರು ಹೇಳಿದ್ದಾರೆ, ಮನೆಯವರ ಮೇಲೆ ಸಂಶಯ ಬಂದ್ರೆ ಕಾಯಿಲೆ ತಿರುಗಿ ಬರ್ತಾ ಉಂಟು ಅಂತ ತಿಳ್ಕೊ, ಕೂಡಲೇ ಬಾ ಅಂತ. ಅಂಥ ಮಂಡೆ ಇಟ್ಕೊಂಡು ಬೇರೆಯವರ ಬಟ್ಟೆ ಕತ್ತರಿಸ್ಲಿಕ್ಕೆ ಆಗ್ತದಾ? ನಾಳೆ ಆಸ್ಪತ್ರೆಗೆ ಹೋಗಿ ಮಾತ್ರೆ ಜಾಸ್ತಿ ಮಾಡಿಸ್ತೇನೆ, ಅಂಗಡಿಗೆ ಬರುದಿಲ್ಲ ಅಂತ ಫೋನ್ ಮಾಡ್ತೇನೆ. ಅದಕ್ಕೆ ಮುಂಚೆ ನಿಮ್ಮ ಹತ್ರ ಕೇಳುವ ಅಂತ ಬಂದೆ. ಅತ್ತಿಗೆ, ಇದು ನನ್ನ ಮಂಡೆಯದ್ದಾ, ಮನೆಯದ್ದಾ?”

ದೇವರೇ, ನನ್ನ ಕೈತುಂಬ ಮೀನಿನ ಪರೆ. ಎದ್ದು ಓಡುವ ಹಾಗಿಲ್ಲ. ಸಂಶಯಕ್ಕೆ ಹೌದು ಎನ್ನಬೇಡಿ, ವಾದ ಮಾಡಬೇಡಿ ಎಂದು ಟೀಚರ್ ಹೇಳಿದ್ದು ನೆನಪಾಯಿತು. ಆದರೆ ಸಂಶಯ ಸತ್ಯವೇ ಆಗಿದ್ದರೆ ಏನು ಮಾಡಬೇಕೆಂದು ಯಾವ ಶನಿವಾರವೂ ಹೇಳಿಕೊಟ್ಟಿರಲಿಲ್ಲ. ಏನೂ ಇಲ್ಲ ಎಂದು ನಾನು ಒಂದು ಮಾತು ಹೇಳಿದರೆ ಅತ್ತೆಯ ಹರಕೆ ಉಳಿಯುತ್ತಿತ್ತು. ಅವನು ಅದನ್ನು ನಂಬುತ್ತಿದ್ದ. ನಂಬಿ, ಸರಿಯಾಗಿದ್ದ ತನ್ನ ತಲೆ ಹಾಳಾಯಿತೆಂದು ತಿಳಿದು, ಸುಮ್ಮನೆ ಹೋಗಿ ಮಲಗುತ್ತಿದ್ದ.

“ಮನೆಯದ್ದು” ಎಂದೆ.

ಅವನು ಇನ್ನೂ ಹತ್ತಿರ ಸರಿದ.

“ಪೂರ್ತಿ ಮನೆಯದ್ದು ಮಾರಾಯ. ನಿನ್ನದು ಅದರಲ್ಲಿ ಒಂದು ಚೂರೂ ಇಲ್ಲ. ನಿನಗೆ ಬೈಯದೆ ಇರ್ಲಿಕ್ಕೆ ಕಲಿಯಲು ನಾವು ಬದಿಯಡ್ಕಕ್ಕೆ ಕ್ಲಾಸಿಗೆ ಹೋಗುದು. ಅಮ್ಮ ಅದನ್ನು ಹರಕೆ ಮಾಡಿದ್ರು. ಬೈದ್ರೆ ಮೀನಿಲ್ಲ. ಕೆಮ್ಮಿದ್ದು ಅದಕ್ಕೇ.”

ಅವನು ತಲೆ ತಗ್ಗಿಸಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಾನೆಂದು ನಾನು ಹೆದರಿದೆ. ನಗುತ್ತಿದ್ದ. ನಕ್ಕು ನಕ್ಕು ಹಿಂದೆ ಬಿದ್ದು ಬೆಕ್ಕಿನ ಬಾಲದ ಮೇಲೆ ಕೈಯೂರಿ, ಅದು ಪರಚಿ, ಅವನು ಇನ್ನೂ ನಕ್ಕ. “ಹಾಗಾದ್ರೆ ನನಗೆ ಸರಿ ಉಂಟು! ಅತ್ತಿಗೆ, ನನಗೆ ಸರಿ ಉಂಟು!” ಎಂದು ಎರಡು ಕೈಯಲ್ಲೂ ಕಣ್ಣೊರೆಸಿಕೊಂಡ. ತನ್ನ ಮನೆಯವರೇ ತನ್ನ ವಿರುದ್ಧ ಗುಟ್ಟು ಮಾಡಿದ್ದಾರೆಂದು ತಿಳಿದು ಇಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿಲ್ಲ.

ಗಲಾಟೆ ಕೇಳಿ ಅತ್ತೆ ಬಂದರು. ನಾನು ಹೇಳಿಬಿಟ್ಟೆ ಎಂದೆ. ಅವರು ಹಣೆಗೆ ಕೈ ಹಚ್ಚಿದರು. ಮಗನ ಕೈ ನೋಡಿದರು. ಗೀರಿನಲ್ಲಿ ಸಣ್ಣಗೆ ರಕ್ತ ಬಂದಿತ್ತು. ಅಷ್ಟು ದಿನ ಕಟ್ಟಿದ್ದ ಬಾಯಿ ಒಡೆಯಿತು.

“ಬೆಕ್ಕಿನ ಬಾಲಕ್ಕೆ ಕೈಯೂರುದಾ ಯಾರಾದ್ರೂ? ಕಣ್ಣು ಎಲ್ಲಿಟ್ಟಿದ್ದಿ? ಹೋಗು, ಸೋಪು ಹಾಕಿ ತೊಳಿ, ನಂಜಾಗ್ತದೆ! ಮತ್ತೆ ಆ ಲುಂಗಿ! ಮೂರು ವಾರದಿಂದ ನಾನು ನುಂಗಿ ನುಂಗಿ ಕೂತದ್ದು!”

ಅವನು ಕೈ ಮುಂದೆ ಹಿಡಿದು ನಿಂತೇ ಇದ್ದ. “ಹೇಳಮ್ಮ, ಹೇಳು. ಇನ್ನೂ ಎಂತ ಉಂಟು?”

ವ್ರತ ಮುರಿಯಿತು. ಹಾಗಾಗಿ ಮಧ್ಯಾಹ್ನ ನಾನೂ ಅತ್ತೆಯೂ ಉಪ್ಪಿನಕಾಯಿಯಲ್ಲಿ ಉಂಡೆವು. ಇವರಿಗೆ ಫೋನಿನಲ್ಲೇ ತಿಳಿಸಿದೆ, ಕ್ಯಾಂಟೀನಿನಲ್ಲಿ ಮೀನು ತೆಗೆದುಕೊಳ್ಳಬೇಡಿ ಎಂದು. ಹರಕೆಯಲ್ಲಿ ಹೆಸರಿಲ್ಲದವನು ಮೈದುನ ಒಬ್ಬನೇ. ಬೂತಾಯಿಯ ಪುಳಿಮುಂಚಿ ಸಾರನ್ನು ಪೂರ್ತಿ ಎದುರಿಗಿಟ್ಟುಕೊಂಡು ಉಂಡ. “ಇಂಥ ವ್ರತ ವಾರಕ್ಕೊಂದು ಇರ್ಲಿ” ಎಂದ.

ಕೈ ತೊಳೆದು ಬಂದು ಅವನೇ ಆಸ್ಪತ್ರೆಗೆ ಫೋನು ಮಾಡಿದ. ಕಾರಣ ಗೊತ್ತಾದರೂ ಎರಡು ದಿನ ಅಂಜಿಕೊಂಡಿದ್ದನ್ನು ಡಾಕ್ಟರಿಗೆ ಹೇಳಬೇಕಲ್ಲ ಎಂದ. ಅಷ್ಟು ಬುದ್ಧಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆ ಶನಿವಾರ ಕ್ಲಾಸಿಗೆ ಅವನೂ ಬಂದ. ನಡೆದದ್ದನ್ನು ಅತ್ತೆಯೇ ಎದ್ದು ನಿಂತು ಹೇಳಿದರು, ಕೆಮ್ಮಿನ ಸಮೇತ. ಪೋಸ್ಟ್‌ಮ್ಯಾನ್ ಬೆಂಚು ತಟ್ಟಿ ನಕ್ಕರು. ಟೀಚರ್ ಮುಖ ಮುಚ್ಚಿಕೊಂಡಳು. “ಅಮ್ಮಾ, ನಾನು ಕಡಿಮೆ ಮಾಡಿ ಅಂದದ್ದು. ನೀವು ಕರ್ಫ್ಯೂ ಹಾಕಿದ್ರಲ್ಲ! ತಪ್ಪು ನನ್ನದೂ ಉಂಟು. ನೀವು ಇಲ್ಲಿ ಬರುದನ್ನು ಮನೆಯಲ್ಲಿ ಹೇಳಿ ಅಂತ ಮೊದಲ ದಿನವೇ ಹೇಳ್ಬೇಕಿತ್ತು.” ಆಮೇಲೆ ಮೈದುನನ ಕಡೆ ತಿರುಗಿ, ನಿಮಗೆ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿದಳು.

ಅವನು ನಾಚಿಕೊಂಡ. ಕೂತಲ್ಲಿಂದಲೇ ಹೇಳಿದ. “ಇವರು ಜೋರಾಗಿ ಬೈದ್ರೆ ನನಗೆ ಬೇಜಾರಾಗ್ತದೆ. ಸಣ್ಣಗೆ ಮಾತಾಡಿದ್ರೆ ಭಯ ಆಗ್ತದೆ. ಬೇಜಾರಾದ್ರೂ ತಡ್ಕೊಳ್ಬಹುದು.” ಮತ್ತೆ, “ಸೋಮಾರಿ ಅಂತ ಮಾತ್ರ ಬೇಡ. ಬೆಳಿಗ್ಗೆ ಏಳ್ಬೇಕು ಅಂತ ನನಗೂ ಆಸೆ ಉಂಟು. ರೆಪ್ಪೆಗೆ ಕಲ್ಲು ಕಟ್ಟಿದ ಹಾಗೆ ಆಗ್ತದೆ. ಅಮ್ಮನ ಸ್ವರ ಕೇಳ್ತದೆ, ಏಳ್ಲಿಕ್ಕೆ ಆಗುದಿಲ್ಲ” ಎಂದ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದರು. “ಇದು ನನಗೆ ಯಾರೂ ಹೇಳಿದ್ದಿಲ್ಲ” ಎಂದರು.

“ಮೊದಲ ದಿನವೇ ಟೀಚರ್ ಹೇಳಿದ್ರಲ್ಲ ಅತ್ತೆ” ಎಂದೆ ನಾನು.

“ಟೀಚರ್ ಹೇಳಿದ್ದು ಕಾಯಿಲೆಯ ವಿಷಯ ಮಗಾ. ಇದು ಇವನ ವಿಷಯ.”

ಅಂದು ಟೀಚರ್ ಹೊಸ ಪಾಠ ತೆಗೆಯಲಿಲ್ಲ. ಬೈಯುವುದು ಹೇಗೆ ಎಂಬುದೇ ಪಾಠವಾಯಿತು. ಬಿದ್ದ ಲುಂಗಿಗೆ ಬೈಯಬಹುದು, ಬಿಟ್ಟವನ ಹುಟ್ಟಿಗೆ ಬೈಯಬಾರದು. ಇವತ್ತಿನದಕ್ಕೆ ಬೈಯಬಹುದು, ಹೋದ ವರ್ಷದ್ದನ್ನು ಸೇರಿಸಬಾರದು. ಅತ್ತೆ ಒಂದೊಂದಕ್ಕೂ ತಲೆದೂಗಿ, “ಹಾಗಾದ್ರೆ ಇನ್ನೂ ತುಂಬ ಉಂಟಲ್ಲ ಬೈಲಿಕ್ಕೆ” ಎಂದು ಸಮಾಧಾನಪಟ್ಟರು. ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರಲ್ಲಿ ಕೇಳಿ ಎಂದೂ ಟೀಚರ್ ಹೇಳಿದಳು. ಕೇಳಿದೆವು. ರಾತ್ರಿ ತಡವಾಗಿ ನುಂಗುತ್ತಿದ್ದುದನ್ನು ಊಟ ಬೇಗ ಮಾಡಿ ಬೇಗ ನುಂಗಲು ಹೇಳಿದರು. ಅಷ್ಟರಿಂದಲೇ ಅವನಿಗೆ ಏಳೂವರೆಗೆ ಕಣ್ಣು ಬಿಡಲು ಆಯಿತು. ಇಂಥ ಸಣ್ಣ ಸಂಗತಿಗೆ ಎಷ್ಟು ವರ್ಷ ಒದ್ದಾಡಿದೆವು ಎಂದು ಯೋಚಿಸಬಾರದು. ಸಿಕ್ಕಿತಲ್ಲ, ಅದು ಪುಣ್ಯ.

ಅನಂತಪುರಕ್ಕೆ ಹೋಗಿ ಅತ್ತೆ ದೇವರಿಗೂ ವಿಷಯ ತಿಳಿಸಿದರು. ಮುರಿದದ್ದಕ್ಕೆ ತುಪ್ಪದ ದೀಪ ಇಟ್ಟು, “ನಮಗೆ ಪೂರ್ತಿ ಹಿಡೀಲಿಕ್ಕೆ ಆಗ್ಲಿಲ್ಲ ದೇವರೇ. ಟೀಚರ್ ಹೇಳಿದಷ್ಟು ಮಾಡ್ತೇವೆ” ಎಂದು ಗಟ್ಟಿಯಾಗಿ ಹೇಳಿಕೊಂಡರು. ಹಿಂದೆ ನಿಂತವರು ನಮ್ಮನ್ನು ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಶಾಲೆ ತೆರೆಯಲು ಇನ್ನು ಸ್ವಲ್ಪ ದಿನ ಇರುವಾಗ ಅವನು ಇಡೀ ದಿನದ ಕೆಲಸಕ್ಕೆ ಹೊರಟ. ಅತ್ತೆ ಗೇಟಿನವರೆಗೆ ಹೋದರು. ಅವನ ಅಂಗಿಯ ಕೈಗೆ ಬಟನ್ ಇರಲಿಲ್ಲ. “ಊರಿಗೆಲ್ಲ ಅಂಗಿ ಮಾಡಿಕೊಡುವವನಿಗೆ ಸ್ವಂತ ಅಂಗಿ ಕಾಣುದಿಲ್ಲವಾ?” ಎಂದು ಶುರು ಮಾಡಿದವರು, ಮುಂದಿನ ಮಾತು ಬಾಯಿಗೆ ಬಂದಾಗ ನಿಂತು, ಇದು ಟೀಚರಿನ ಲೆಕ್ಕದಲ್ಲಿ ಬರುತ್ತದೋ ಇಲ್ಲವೋ ಎಂದು ನನ್ನ ಮುಖ ನೋಡಿದರು. ನಾನು ಬರುತ್ತದೆ ಎಂಬಂತೆ ತಲೆಯಾಡಿಸಿದೆ. ಧೈರ್ಯವಾಗಿ ಮುಂದುವರಿಸಿದರು. ಅವನು ಕೈ ಮಡಚಿಕೊಂಡು ಹೋದ.

ಆ ದಿನ ನನಗೆ ಮನೆಗೆಲಸದಲ್ಲಿ ಮನಸ್ಸಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಜಪಮಾಲೆ ಹಿಡಿದು ಫೋನಿನ ಪಕ್ಕದಲ್ಲಿ ಕೂತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅದು ರಿಂಗಾಯಿತು. ಅಂಗಡಿಯವರು. ಅತ್ತೆಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

“ಅಕ್ಕಾ, ಮಾಸ್ಟ್ರು ಬಂದಿದ್ದಾರೆ.”

“ಹೌದಾ? ಹೇಗುಂಟು?”

“ಎಂತ ಹೇಗುಂಟು? ಬಂದ ಕೂಡಲೇ ನನಗೆ ಬೈಲಿಕ್ಕೆ ಶುರು! ಬಟ್ಟೆಯ ಕತ್ತರಿಯಲ್ಲಿ ಯಾರೋ ರಟ್ಟು ಕತ್ತರಿಸಿದ್ದಾರಂತೆ, ಅದರ ಬಾಯಿ ಮೊಂಡಾಗಿದೆಯಂತೆ. ನಾನೇ ಅಂಗಡಿಯ ಯಜಮಾನ ಅಕ್ಕಾ, ಗಿರಾಕಿಗಳ ಎದುರು ನನಗೇ ಕೇಳ್ತಾರೆ, ನಿಮಗೆ ಬಟ್ಟೆ ಯಾವುದು ರಟ್ಟು ಯಾವುದು ಅಂತ ಗೊತ್ತಿಲ್ಲವಾ ಅಂತ!”

“ಕತ್ತರಿಸಿದ್ದು ಯಾರು?” ಅತ್ತೆ ಪಕ್ಕದಿಂದ ಕೇಳಿದರು.

ಆ ಕಡೆ ಅವರ ಸ್ವರ ಇಳಿಯಿತು.

“ನಾನೇ” ಎಂದರು ಅವರು.

“ಹಾಗಾದ್ರೆ ಬೈಲಿ ಬಿಡಿ” ಎಂದರು ಅತ್ತೆ.